ಮಹಾಲೇಖಕರ ಕಣ್ಣೀರಿಗೆ ಮೂರು ಪ್ರತಿ

ಮಹಾಲೇಖಕರ ಸ್ಮಾರಕ ಸಮಿತಿಯ ಹನ್ನೊಂದನೆಯ ನಿಯಮದ ಪ್ರಕಾರ, ಅವರ ಕೌಟುಂಬಿಕ ದುಃಖವನ್ನು ಕಾದಂಬರಿಗೆ ಬಳಸಿಕೊಳ್ಳುವವರು ಆ ದುಃಖವನ್ನು ಕಣ್ಣಾರೆ ಕಂಡವರ ಸಹಿಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.

ನಮ್ಮ ಕಾದಂಬರಿಕಾರರು ಅಲ್ಲಿಯವರೆಗೆ ಬರೆದದ್ದೆಲ್ಲ ರಾಜರ ಬಗ್ಗೆ. ರಾಜರ ಮಕ್ಕಳು ಸತ್ತಾಗ ಯಾರ ಸಹಿಯೂ ಬೇಕಾಗಿರಲಿಲ್ಲ. ಈ ಸಲ, ಮಹಾಲೇಖಕರ ಏಳು ವರ್ಷದ ಮಗ ಜ್ವರದಿಂದ ತೀರಿಕೊಂಡ ದಿನವನ್ನು ಹಿಡಿದಿದ್ದರು. ತಂದೆ ಮಗುವಿನ ಪಕ್ಕ ಕೂತು ಹನ್ನೆರಡು ಪುಟ ಅಳುತ್ತಾರೆ. ಬರೆಯುವಾಗ ಕಾದಂಬರಿಕಾರರೂ ಅತ್ತಿದ್ದರು. ಪುಟ ಎಣಿಸುವುದನ್ನು ಮಾತ್ರ ಮರೆತಿರಲಿಲ್ಲ. ಇದನ್ನು ಅವರೇ ನಾಚಿಕೊಂಡು ಹೇಳುತ್ತಾರೆ.

ಅಂದು ಮನೆಯಲ್ಲಿದ್ದವರ ಪೈಕಿ ಉಳಿದಿರುವವರು ಮಹಾಲೇಖಕರ ಮಗಳೊಬ್ಬರೇ. ಈಗ ಎಂಬತ್ತೊಂದು. ಭೂತಗನ್ನಡಿ ಹಿಡಿದು ಹನ್ನೆರಡೂ ಪುಟ ಓದಿದರು.

"ಅಪ್ಪ ಅಳ್ಲಿಲ್ಲ. ಅವತ್ತು ಅಚ್ಚಿನ ಕರಡು ಬಂದಿತ್ತು. ಬಾಗಿಲು ಹಾಕ್ಕೊಂಡು ಸಾಯಂಕಾಲದವರೆಗೂ ತಿದ್ದಿದರು. ನಾನು ಹೊರಗೆ ಕೂತಿದ್ದೆ. ತೆಗೀಲಿಲ್ಲ."

"ಸ್ವಲ್ಪವೂ ಇಲ್ವಾ ಅಮ್ಮಾ? ಕಣ್ಣಾದರೂ ಒರೆಸಿಕೊಂಡಿರಬಹುದು," ಎಂದರು ಕಾದಂಬರಿಕಾರರು.

ಮಗಳು ಇಲ್ಲವೆಂದು ತಲೆಯಾಡಿಸಿದರು. ಸಹಿಯಿಲ್ಲದಿದ್ದರೆ ಪುಸ್ತಕವಿಲ್ಲ, ಕಾದಂಬರಿಕಾರರ ಮುಖ ಸಪ್ಪಗಾಯಿತು. ಸಮಿತಿಯ ಕಾರ್ಯದರ್ಶಿಗೆ ಇದೇನೂ ಹೊಸದಲ್ಲ. ಸಾಕ್ಷಿಯ ನೆನಪು ಕಾದಂಬರಿಗೆ ಹೊಂದದಿದ್ದಲ್ಲಿ, ನೆನಪನ್ನು ಸರಿಪಡಿಸಿಕೊಳ್ಳಲು ಸಾಕ್ಷಿಗೆ ಹದಿನೈದು ದಿನಗಳ ಕಾಲಾವಕಾಶವಿದೆಯೆಂದೂ ಅದಕ್ಕೆ ಪ್ರತ್ಯೇಕ ನಮೂನೆ ಇದೆಯೆಂದೂ ತಿಳಿಸಿದರು.

ಆ ಹದಿನೈದು ದಿನ ಕಾದಂಬರಿಕಾರರಿಗೆ ಊಟ ಸೇರಲಿಲ್ಲ. ಅಷ್ಟು ವಯಸ್ಸಾದವರಿಂದ ಅವರ ಅಪ್ಪನನ್ನೇ ಕಿತ್ತುಕೊಂಡೆನಲ್ಲ ಎಂದು ಸಂಕಟಪಟ್ಟರು. ನಡುನಡುವೆ ಮುಖಪುಟವನ್ನೂ ಆರಿಸಿದರು. ಹದಿನಾರನೆಯ ದಿನ, ಅಧ್ಯಾಯವನ್ನೇ ಕೈಬಿಡುತ್ತೇನೆ ಎಂದು ಹೇಳಲು ಹೋದರು. ಮೂರೂ ಪ್ರತಿಗಳಿಗೆ ಸಹಿ ಬಿದ್ದಿತ್ತು.

"ಎಪ್ಪತ್ತೆರಡು ವರ್ಷದಿಂದ ಆ ಬಾಗಿಲು ಮುಚ್ಚೇ ಇತ್ತು," ಎಂದರು ಮಗಳು. "ನೀವು ಬರೆದದ್ದರಲ್ಲಿ ತೆಗೆದಿದೆ. ಅಷ್ಟು ಹೊತ್ತು ಅಳ್ತಾರಲ್ಲ, ನಡುವೆ ಒಂದ್ಸಲ ನನ್ನನ್ನೂ ಹತ್ತಿರ ಕರೆಸಿ."

ಕಾದಂಬರಿಕಾರರಿಗೆ ಅಳು ಬಂತು. ಅಲ್ಲೇ ಕೂತು ಬರೆದುಕೊಟ್ಟರು. ಸೇರ್ಪಡೆಯನ್ನು ಸಮಿತಿ ಅವಿರೋಧವಾಗಿ ಅಂಗೀಕರಿಸಿತು.

ಈಗ ಸ್ಮಾರಕವಾಗಿರುವ ಆ ಮನೆಯ ಅದೇ ಕೋಣೆಯಲ್ಲಿ ಫಲಕವಿದೆ: 'ಮಹಾಲೇಖಕರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅತ್ತ ಸ್ಥಳ.' ಪ್ರತಿ ಭಾನುವಾರ ಸಂದರ್ಶಕರಿಗೆ ಅದನ್ನು ವಿವರಿಸುವವರು ಸ್ವತಃ ಮಗಳು. ಕಾದಂಬರಿಕಾರರೂ ಒಮ್ಮೆ ಹೋಗಿ ಹಿಂದೆ ನಿಂತು ಕೇಳಿದರು. ತಮಗೆ ಗೊತ್ತಿಲ್ಲದ ಎರಡು ವಿವರಗಳಿದ್ದವು, ಎರಡನೆಯ ಮುದ್ರಣಕ್ಕೆಂದು ಗುರುತು ಹಾಕಿಕೊಂಡು ಬಂದರು.