ಎಡಗಾಲಿಗೆ ಒಂಬತ್ತು, ಬಲಗಾಲಿಗೆ ಏಳು

ದೇವರು ಮನುಷ್ಯನಿಗೆ ಎರಡು ಕಾಲು ಕೊಟ್ಟಿದ್ದಾನೆ, ಒಪ್ಪೋಣ. ಆದರೆ ಎರಡೂ ಒಂದೇ ಅಳತೆಯಲ್ಲಿರುತ್ತವೆ ಎಂದು ಅವನೇನೂ ಬರೆದುಕೊಟ್ಟಿಲ್ಲ. ಹಾಗೆಂದು ನಂಬಿ ಕುಳಿತವರು ಶೂ ತಯಾರಿಸುವವರು ಮಾತ್ರ. ನನ್ನ ಎಡಗಾಲು ಒಂಬತ್ತು ನಂಬರು, ಬಲಗಾಲು ಏಳು. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಇದನ್ನು ಈಗ ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆಯೇ ಹೊರತು, ಭದ್ರಾವತಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೂವತ್ತು ವರ್ಷವೂ ಇದು ನನ್ನ ಪರಮ ರಹಸ್ಯವಾಗಿತ್ತು. ಚಪ್ಪಲಿ ಹಾಕಿದರೆ ಗುಟ್ಟು ರಟ್ಟಾಗುತ್ತದೆಂದು, ಊರೆಲ್ಲ ಬೆವರು ಒರೆಸಿಕೊಳ್ಳುವ ಏಪ್ರಿಲ್‌ನಲ್ಲೂ ಶೂ ಹಾಕಿಕೊಂಡೇ ಓಡಾಡಿದೆ. ಒಂಬತ್ತು ನಂಬರಿನ ಜೊತೆ ಕೊಳ್ಳುವುದು, ಬಲಗಡೆಯದರ ತುದಿಗೆ ಹಳೆಯ ದಿನಪತ್ರಿಕೆ ತುರುಕುವುದು. ಭಾನುವಾರದ ಪುರವಣಿಯಾದರೆ ಇನ್ನೂ ಒಳ್ಳೆಯದು, ಕಾಗದ ಸ್ವಲ್ಪ ನಯ. "ಎಲ್ಲರ ಮನೆ ಗಂಡಸರೂ ಪೇಪರ್ ಓದ್ತಾರೆ, ನೀವು ತುಳೀತೀರಿ" ಎಂದು ನನ್ನ ಹೆಂಡತಿ ಗಿರಿಜ ಆಗಾಗ ಹೇಳುತ್ತಿದ್ದಳು.

ಹೀಗೆಯೇ ಆಯುಷ್ಯ ಕಳೆದುಬಿಡುತ್ತಿತ್ತೇನೋ, ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯನ್ನು ವಾಟ್ಸಾಪಿನಲ್ಲಿ ಕಳಿಸಿದರೆ ನಮ್ಮ ಕಡೆ ಅದು ಕರೆದಂತಲ್ಲ. ಗಂಡಹೆಂಡತಿ ಇಬ್ಬರೂ ಮನೆಮನೆಗೆ ಹೋಗಬೇಕು, ಕೈಯಲ್ಲಿ ಪತ್ರಿಕೆ ಕೊಟ್ಟು "ಎಲ್ಲರೂ ಮೊದಲೇ ಬರಬೇಕು" ಎನ್ನಬೇಕು. ಮನೆಮನೆಗೆ ಹೋಗುವುದೆಂದರೆ ಮನೆಮನೆಯ ಬಾಗಿಲಲ್ಲೂ ಶೂ ಬಿಚ್ಚುವುದು. ಮೊದಲ ದಿನ ಹೊಳೆಹೊನ್ನೂರಿನಲ್ಲಿ ಗಿರಿಜಳ ದೊಡ್ಡಪ್ಪನ ಮನೆ. ಶೂ ಬಿಚ್ಚಿ ಒಳಗೆ ಹೋಗಿ ಕುಳಿತೆ. ಕಾಗದದ ಉಂಡೆ ಕಾಲುಚೀಲಕ್ಕೆ ಅಂಟಿಕೊಂಡು ನಡುಮನೆಯವರೆಗೂ ನನ್ನೊಂದಿಗೆ ಬಂದಿತ್ತು. ದೊಡ್ಡಪ್ಪ ಅದನ್ನೆತ್ತಿ, ಬಿಡಿಸಿ, ಕನ್ನಡಕ ಹಾಕಿಕೊಂಡು, "ಇದು ಹೋದ ವಾರದ ರಾಶಿಭವಿಷ್ಯ ಅಲ್ವೇನಪ್ಪ?" ಎಂದರು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಮಾತ್ರ ಗಿರಿಜಳಿಗೆ, "ಉಳಿದ ಮನೆಗಳಿಗೆ ನೀನೊಬ್ಬಳೇ ಹೋಗಿ ಬಾ" ಎಂದುಬಿಟ್ಟೆ.

ಅವಳು ಜಗಳ ಮಾಡಿದ್ದರೆ ಗೆಲ್ಲುತ್ತಿದ್ದೆ. ಮಾಡಲಿಲ್ಲ. "ಅಪ್ಪ ಮನೇಲಿದ್ದೂ ಕರೆಯೋಕೆ ಬರಲಿಲ್ಲ ಅಂತಾರೆ ಜನ, ಅಷ್ಟೇ ತಾನೆ. ಅಂದ್ರೆ ಅಂದ್ಕೊಳ್ಲಿ ಬಿಡಿ" ಎಂದು ಕಿಟಕಿಯ ಕಡೆ ತಿರುಗಿದಳು. ಆ ಮಾತು ರಾತ್ರಿಯೆಲ್ಲ ಕೊರೆಯಿತು. ಇರುವುದು ಒಬ್ಬಳೇ ಮಗಳು.

ಆದ್ದರಿಂದ ಕಾಗದ ತುರುಕಬೇಕಿಲ್ಲದ ಶೂ ಹುಡುಕಿಕೊಂಡು ಶನಿವಾರ ಶಿವಮೊಗ್ಗಕ್ಕೆ ಹೊರಟೆ. ಶನಿವಾರವೇ ಏಕೆಂದರೆ, ಅಂದು ಪಾದರಕ್ಷೆ ಕೊಂಡರೆ ಶನಿಯನ್ನು ಮನೆಗೆ ಕರೆತಂದಂತೆ ಎಂದು ನಮ್ಮವರು ಯಾರೂ ಆ ಅಂಗಡಿಗಳ ಕಡೆ ತಲೆಹಾಕುವುದಿಲ್ಲ. ಗುರುತಿನವರ ಕಣ್ಣಿಗೆ ಬೀಳುವ ಭಯವಿಲ್ಲ. ಶನಿಗಿಂತ ನನಗೆ ಗುರುತಿನವರ ಭಯವೇ ಹೆಚ್ಚು.

ಮೊದಲ ಅಂಗಡಿಯವನು, "ಎರಡು ದಿನ ಹಾಕ್ಕೊಂಡ್ರೆ ಅಡ್ಜಸ್ಟ್ ಆಗುತ್ತೆ ಸಾರ್" ಎಂದ. ಯಾವುದು, ಶೂನೋ ಕಾಲೋ ಎಂದು ಕೇಳಿದೆ. ಎರಡನೆಯವನು ಒಳಗೆ ಹಾಕಿಕೊಳ್ಳುವ ಸ್ಪಂಜು ತೋರಿಸಿದ. ಅದು ನನ್ನ ಪುರವಣಿಯ ಶ್ರೀಮಂತ ತಮ್ಮ, ಅಷ್ಟೆ. ಮೂರನೆಯ ಕಡೆ ಧೈರ್ಯ ಮಾಡಿ, ಒಂಬತ್ತರದೊಂದು ಏಳರದೊಂದು ಕೊಡಿ ಎಂದೆ. "ಉಳಿದ ಎರಡನ್ನ ಯಾರಿಗೆ ಮಾರ್ಲಿ ಸಾರ್, ನೀವೇ ಹೇಳಿ" ಎಂದ. ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವನಿಗೆ ಈ ಲೆಕ್ಕಕ್ಕೆ ಉತ್ತರ ಹೊಳೆಯಲಿಲ್ಲ. ಎರಡು ಜೊತೆ ಕೊಂಡು ಅರ್ಧ ಎಸೆಯಲು, ಅನ್ನದ ಅಗುಳು ಬಿಟ್ಟರೂ ಬೈಯುತ್ತಿದ್ದ ಅಪ್ಪ ನೆನಪಾಗಿ ಮನಸ್ಸು ಬರಲಿಲ್ಲ. ನಾಲ್ಕನೆಯ ಅಂಗಡಿಯಲ್ಲಿ ಏನಾಯಿತೆಂದು ಹೇಳಲಾರೆ, ಅಲ್ಲಿ ಶೂ ತೋರಿಸುತ್ತಿದ್ದ ಹುಡುಗಿ ನನ್ನ ಕಾಲು ನೋಡಿ ಪಾಪ ಎಂದುಬಿಟ್ಟಳು.

ಐದನೆಯ ಅಂಗಡಿಗೆ ಹೋದದ್ದು ಕೊಳ್ಳಲಿಕ್ಕಲ್ಲ, ಕೂರಲಿಕ್ಕೆ. ಬೆಂಚಿನ ಮೇಲೆ ಆಗಲೇ ಒಬ್ಬರು ಕುಳಿತಿದ್ದರು. ನರೆತ ಗಡ್ಡ, ಉಗುರಿನಲ್ಲಿ ಗ್ರೀಸು. ಎದುರಿಗೆ ಎರಡು ಡಬ್ಬಿ ತೆರೆದಿದ್ದವು. ಒಂದರಿಂದ ಬಲಗಾಲಿಗೆ ಹಾಕಿಕೊಂಡರು, ಇನ್ನೊಂದರಿಂದ ಎಡಗಾಲಿಗೆ. "ಎರಡೂ ಜೊತೆ ಕಟ್ಟಿಬಿಡಿ" ಎಂದವರು, ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ ನನ್ನತ್ತ ತಿರುಗಿ, "ಅರೆ, ಮೇಷ್ಟ್ರಲ್ವಾ? ನಾನು ರಹಮತ್. ಭದ್ರಾವತೀಲಿ ನಿಮ್ಮ ಸ್ಕೂಲ್ ರೋಡಲ್ಲೇ ನನ್ನ ಗ್ಯಾರೇಜು. ಲಾರಿ ಜಾಕ್ ಜಾರಿ ಎಡಗಾಲಿನ ಬೆರಳೆಲ್ಲ ಹೋಯ್ತು ನೋಡಿ. ಬಲಗಾಲು ಒಂಬತ್ತು, ಎಡಗಾಲು ಏಳು. ನಿಮ್ದು ಬಲಗಾಲು ಚಿಕ್ಕದಲ್ವಾ?" ಎಂದರು, ಅಂಗಡಿಗೆಲ್ಲ ಕೇಳುವಂತೆ.

ನಾನು ಅತ್ತಿತ್ತ ನೋಡಿ, "ಏಳು. ಎಡಗಾಲು ಒಂಬತ್ತು" ಎಂದು ಪಿಸುಗುಟ್ಟಿದೆ.

ರಹಮತ್ ಸಾಹೇಬರು ತೊಡೆ ತಟ್ಟಿಕೊಂಡು ನಕ್ಕರು. "ಇಲ್ಲಿ ಏನೂ ತಗೋಬೇಡಿ ಮೇಷ್ಟ್ರೇ. ನಡೀರಿ ನಮ್ಮನೆಗೆ!"

ಭದ್ರಾವತಿಗೆ ಮರಳಿ, ಗ್ಯಾರೇಜಿನ ಹಿಂದೆಯೇ ಇದ್ದ ಅವರ ಮನೆಗೆ ಹೋದರೆ, ಹೆಂಡತಿ ನಸೀಮಾ ಮಂಚದ ಕೆಳಗಿನಿಂದ ಒಂದು ತಗಡಿನ ಟ್ರಂಕು ಎಳೆದರು. ಒಳಗೆ ವರ್ಷವರ್ಷವೂ ಉಳಿದ ಶೂಗಳು, ಒಂದನ್ನೂ ನೆಲಕ್ಕೆ ಮುಟ್ಟಿಸಿಲ್ಲ. ಎಡಗಾಲಿನವೆಲ್ಲ ಒಂಬತ್ತು, ಬಲಗಾಲಿನವೆಲ್ಲ ಏಳು. "ಎಸೀ ಎಸೀ ಅಂತ ಇವ್ರು ಕೂಗಾಡ್ತಾರೆ ಸಾರ್. ಹೊಸಾವು ಹೆಂಗೆ ಎಸೀಲಿ? ಅಲ್ಲಾ ಇಂಥ ಕಾಲು ಒಬ್ರಿಗೇ ಕೊಟ್ಟಿರ್ತಾನಾ, ಯಾರಾದ್ರೂ ಬಂದೇ ಬರ್ತಾರೆ ಅಂತ ಇಟ್ಟಿದ್ದೆ" ಎಂದರು.

ಒಂದು ಜೊತೆ ಹಾಕಿಕೊಂಡು ಎದ್ದು ನಿಂತೆ. ಎರಡೂ ಕಾಲಿಗೆ ಸರಿಯಾದ ಶೂ ಹಾಕಿ ನಾನು ನಿಂತದ್ದು ಹುಟ್ಟಿದ ಮೇಲೆ ಅದೇ ಮೊದಲು. ಕಣ್ಣು ತುಂಬಿ ಬಂತು. ನಸೀಮಾ ಅವರು ಅದನ್ನು ಕಂಡೂ ಕಾಣದವರಂತೆ ಚಹಾ ತರಲು ಒಳಗೆ ಹೋದರು.

ಹೊರಡುವಾಗ ಒಂದು ಅನುಮಾನ ಕೇಳಿದೆ: "ನನ್ನ ಬಲಗಾಲು ಚಿಕ್ಕದು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಹನ್ನೆರಡು ವರ್ಷದಿಂದ ಗೊತ್ತು ಮೇಷ್ಟ್ರೇ. ದಿನಾ ನಮ್ಮ ಗ್ಯಾರೇಜ್ ಮುಂದೇನೇ ಹೋಗ್ತಿದ್ರಲ್ಲ, ನಡಿಗೆ ನೋಡಿದ್ರೇ ತಿಳಿಯುತ್ತೆ. ಎರಡು ಸಲ ಕರೆದೆ ಕೂಡ. ನೀವು ತಲೆ ತಗ್ಗಿಸ್ಕೊಂಡು ಬಿರಬಿರ ಹೋಗ್ಬಿಟ್ರಿ. ಬೇಜಾರಾಗ್ತೀರೇನೋ ಅಂತ ಸುಮ್ಮನಾದೆ."

ಹನ್ನೆರಡು ವರ್ಷ ಈ ಟ್ರಂಕಿನ ಮುಂದೆಯೇ ಕಾಗದ ತುಳಿದುಕೊಂಡು ಓಡಿದ್ದೆ! ಮನೆಗೆ ಬಂದು ಹೇಳಿದರೆ ಗಿರಿಜ, "ಅವರೊಬ್ಬರಿಗೇ ಅಲ್ಲ, ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲ ಅಂತ ಅಂದ್ಕೊಂಡಿದ್ದವರು ನೀವೊಬ್ರೇ" ಎಂದಳು.

ಮರುದಿನದಿಂದ ಇಬ್ಬರೂ ಕರೆಯಲು ಹೊರಟೆವು. ರಹಮತ್ ಸಾಹೇಬರ ಆಯ್ಕೆ ಚೂಪು ಮೂತಿಯ, ಥಳಥಳ ಹೊಳೆಯುವ ಶೂ. ನೋಡಿದವರೆಲ್ಲ "ಏನು ಮೇಷ್ಟ್ರೇ ಶೋಕಿ!" ಎನ್ನುತ್ತಾರೆ. ನನಗೆ ಅಷ್ಟೇ ಸಾಕು. ಶೂ ಬಿಚ್ಚಿ, ಎರಡೂ ಕಾಲು ಮುಂದೆ ಚಾಚಿ, ಜ್ವರದಿಂದ ಹಿಡಿದು ಟ್ರಂಕಿನವರೆಗೆ ಕಥೆ ಹೇಳುತ್ತೇನೆ. "ಅವರು ಕೇಳಿದ್ರೇನ್ರೀ?" ಎಂದು ಗಿರಿಜ ಈಗ ದಾರಿಯುದ್ದಕ್ಕೂ ಗದರುತ್ತಾಳೆ. ಗದರಲಿ ಬಿಡಿ, ಅವಳದೂ ತಪ್ಪಿಲ್ಲ. ನಿನ್ನೆ ಕುಂಸಿಯಲ್ಲಿ ಒಂದು ಗಂಟೆ ಕುಳಿತು, ಎರಡು ಸಲ ಕಾಫಿ ಕುಡಿದು, ಕಥೆಯನ್ನು ಸಾಂಗವಾಗಿ ಮುಗಿಸಿ ಬಸ್ಸು ಹತ್ತಿದ ಮೇಲೆ ನೋಡುತ್ತೇನೆ, ಆ ಮನೆಯ ಲಗ್ನಪತ್ರಿಕೆ ನನ್ನ ಜೇಬಿನಲ್ಲೇ ಇತ್ತು.