ಕುಂಕುಮ ಇದ್ದದ್ದು ಮೇಲಕ್ಕೆ

ಸುಪ್ರೀತಾ: ಎರಡಕ್ಕೂ ಕುಂಕುಮ ಇತ್ತು ರೀ. ನಾನೇ ಕಣ್ಣಾರೆ ನೋಡಿದೀನಿ.

ನಾನು: ಒಂದಕ್ಕೆ ಮಾತ್ರ. ನಿನ್ನೆ ನಾನೇ ಇಟ್ಟಿದ್ದು, ಈ ಬೆರಳಲ್ಲಿ.

ಸುಪ್ರೀತಾ: ನೀವು ಇಟ್ಟಿದ್ದು ನಿನ್ನೆ. ಅತ್ತೆ ಇಟ್ಟಿದ್ದು ಇವತ್ತು ಬೆಳಗ್ಗೆ. ಆಯುಧಪೂಜೆ ಅಲ್ವಾ? ಮಿಕ್ಸಿಗೆ ಇಟ್ರು, ಕತ್ತರಿಗೆ ಇಟ್ರು, ಈಳಿಗೆಮಣೆಗೆ ಇಟ್ರು, ನಿಮ್ಮ ಸ್ಕೂಟರಿನ ಸ್ಟೆಪ್ನಿಗೂ ಇಟ್ರು. ಟೇಬಲ್ ಮೇಲೆ ಎದುರಿಗೇ ಇದ್ದ ಹಾರ್ಡ್ ಡಿಸ್ಕ್ ಬಿಟ್ಬಿಡ್ತಾರಾ?

ಬಾಯಿಗೆ ಹಾಕಿಕೊಳ್ಳಬೇಕೆಂದಿದ್ದ ಕಡ್ಲೆಪುರಿಯನ್ನು ನಾನು ಮೆಲ್ಲಗೆ ತಟ್ಟೆಗೇ ಹಾಕಿದೆ.

ನಾನು ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಆಫೀಸರು. ಕಂಪ್ಯೂಟರಿಗೂ ನನಗೂ ಇರುವ ಸಂಬಂಧ ದೂರದ ನೆಂಟಸ್ತನ; ಮದುವೆ ಮುಂಜಿಯಲ್ಲಿ ಭೇಟಿಯಾಗಿ ನಕ್ಕು ಮುಂದೆ ಹೋಗುವಷ್ಟು. ಆದರೂ ಜೀವನ್ ಬಿಮಾ ನಗರದ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಸರ್ವರ್ ಕಟ್ಟುತ್ತೇನೆ, ಮನೆಯ ಫೋಟೋ ವಿಡಿಯೋ ಎಲ್ಲ ಅದರಲ್ಲಿ ಎರಡೆರಡು ಪ್ರತಿ ಇರುತ್ತವೆ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ ಎಂದು ಹಟ ಹಿಡಿದಿದ್ದೆ. ಮೂರು ಭಾನುವಾರ ಕೂತು ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದಿದ್ದೆ. ಫ್ರಿಜ್ ಎಲ್ಲಿ, ಅದರ ಪಕ್ಕದಲ್ಲಿ ಸರ್ವರ್ ಎಲ್ಲಿ, ಪ್ಲಗ್ ಎಲ್ಲಿ, ವಯರ್ ಎಲ್ಲಿ ಸುತ್ತಬೇಕು ಎಲ್ಲ ಅದರಲ್ಲಿತ್ತು. ನಮ್ಮ ಅವ್ವ ಮಾತ್ರ ಇರಲಿಲ್ಲ.

ಶಿವಾಜಿನಗರದಲ್ಲಿ ಹಳೆ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟಿರುವ ಅಕ್ತರ್ ಎಲ್ಲ ಜೋಡಿಸಿಕೊಟ್ಟಿದ್ದ. ನನಗೆ ಬಿಟ್ಟ ಕೆಲಸ ಒಂದೇ. ಫೋಟೋ ತುಂಬಿದ ಹಳೆಯ ಡಿಸ್ಕು ಮೇಲಿನ ಖಾನೆಗೆ, ಖಾಲಿ ಡಿಸ್ಕು ಕೆಳಗಿನ ಖಾನೆಗೆ. ಗುಂಡಿ ಒತ್ತಿದರೆ ಮೇಲಿನದರಲ್ಲಿ ಇರುವುದು ಹಾಗೆಯೇ ಕೆಳಗಿನದಕ್ಕೆ ಇಳಿಯುತ್ತದೆ, ಕೆಳಗಿನದರಲ್ಲಿ ಮೊದಲೇನಿತ್ತೋ ಅದು ಅಳಿಸಿಹೋಗುತ್ತದೆ. ಎರಡೂ ನೋಡಲು ಅವಳಿ ಜವಳಿ. ಸ್ಟೋರಿನಲ್ಲಿ ಪರೀಕ್ಷೆಯಾದ ಪೆಟ್ಟಿಗೆಗೆ ಕೆಂಪು ಗುರುತು ಹಾಕುವುದು ನನ್ನ ಹನ್ನೆರಡು ವರ್ಷದ ಅಭ್ಯಾಸ. ದೇವರ ಮುಂದೆ ಕೆಂಪು ಸಿದ್ಧವಾಗಿಯೇ ಇತ್ತು. ತುಂಬಿದ ಡಿಸ್ಕಿಗೆ ಒಂದು ಬೊಟ್ಟು ಇಟ್ಟೆ. ಬೆಳಗ್ಗೆ ಕೈಗೆ ಸಿಕ್ಕ ಮೊದಲ ಡಿಸ್ಕಿಗೆ ಕುಂಕುಮ ಕಂಡಿತು, ಮೇಲೆ ಕೂರಿಸಿದೆ. ಎರಡನೆಯದನ್ನು ನೋಡುವ ಅಗತ್ಯವಾದರೂ ಏನಿತ್ತು?

ಸುಪ್ರೀತಾ: ಹಾಗಿದ್ರೆ ಈಗ ನಿಲ್ಲಿಸಿ.

ನಾನು: ನಿಲ್ಲಿಸೋಕಾಗಲ್ಲ. ಅರ್ಧಕ್ಕೆ ನಿಲ್ಲಿಸಿದ್ರೆ ಎರಡೂ ಕೆಟ್ಟುಹೋಗಬಹುದು.

ಸುಪ್ರೀತಾ: ನಿಲ್ಲಿಸದೇ ಇದ್ರೆ?

ನಾನು: ಉಲ್ಟಾ ಕೂರಿಸಿದ್ರೆ, ಎಲ್ಲ ಅಳಿಸಿಹೋಗುತ್ತೆ. ಸರಿಯಾಗಿ ಕೂರಿಸಿದ್ರೆ ಏನೂ ಆಗಲ್ಲ.

ಸುಪ್ರೀತಾ: ಈ ಮನೇಲಿ ನೀವು ಸರಿಯಾಗಿ ಕೂರಿಸಿರೋದು ಒಂದು ಹೇಳಿ.

ನಾನು: ಅಡುಗೆಮನೆ ಶೆಲ್ಫು.

ಸುಪ್ರೀತಾ: ಅದು ಬಿದ್ದು ಎರಡು ವರ್ಷ ಆಯ್ತು.

ನಾನು: ಬೀಳೋವರೆಗೂ ಸರಿಯಾಗೇ ಇತ್ತಲ್ಲ. ಸ್ವಲ್ಪ ಸಮಾಧಾನ ಮಾಡ್ಕೋ. ಕೇಳು, ಗುಂಯ್ ಅಂತ ಎಷ್ಟು ಚೆನ್ನಾಗಿ ಓಡ್ತಾ ಇದೆ.

ಸುಪ್ರೀತಾ: ಲೈಟೇ ಹತ್ತಿಲ್ಲ.

ನಾನು: ಹಳೇ ಡಬ್ಬ, ಅದರ ಲೈಟು ಹತ್ತಲ್ಲ ಅಂತ ಅಕ್ತರ್ ಮೊದಲೇ ಹೇಳಿದಾನೆ. ಶಬ್ದದ ಮೇಲೆ ಹೋಗಬೇಕು.

ಅಷ್ಟರಲ್ಲಿ ಅವ್ವ ದೇವರ ಮನೆಯಿಂದ ಬಂದಳು. ಹಾವೇರಿ ಬಿಟ್ಟು ಬೆಂಗಳೂರಿಗೆ ಬಂದು ಎರಡು ವರ್ಷವಾಗಿದೆ. ಅಪ್ಪ ತೀರಿಕೊಂಡು ಅಷ್ಟೇ ವರ್ಷ. ಆ ಡಿಸ್ಕಿನಲ್ಲಿ ಅಪ್ಪನ ಒಂದು ವಿಡಿಯೋ ಇದೆ, ಒಂದು ನಿಮಿಷವೂ ಇಲ್ಲ. ಮೊಮ್ಮಗಳು ರಶ್ಮಿಗೆ ಬಾಳೆಹಣ್ಣು ತಿನ್ನಿಸಲು ಹೋಗಿ, ಅವಳು ಮುಖ ತಿರುಗಿಸಿದಾಗ ತಾನೇ ತಿಂದು ನಗುತ್ತಾನೆ. ಅಪ್ಪ ನಗುವುದು ಈಗ ಅಲ್ಲಿ ಮಾತ್ರ. ಅವ್ವ ಹಬ್ಬ ಬಂದಾಗಲೆಲ್ಲ ಅದನ್ನು ನೋಡಿಯೇ ಊಟಕ್ಕೆ ಕೂರುವುದು.

ಅವ್ವ: ಸಿದ್ಧಾ, ನಾಳೆ ನಿಮ್ಮಪ್ಪನ್ನ ತೋರಸ್ತೀ ಹೌದಿಲ್ಲೋ? ಇವತ್ತ ಬ್ಯಾಡ. ಇವತ್ತ ಅವಕ್ಕೆಲ್ಲಾ ರಜಾ.

ನಾನು: ತೋರಸ್ತೀನವ್ವಾ.

ಅವ್ವ: ದನಿ ಯಾಕ ಹಂಗ ಬಂತು?

ನಾನು: ಕಡ್ಲೆಪುರಿ ಗಂಟಲಿಗೆ ಸಿಕ್ಕೈತಿ.

ಸುಪ್ರೀತಾ ನನ್ನನ್ನು ನೋಡಿದ ನೋಟಕ್ಕೆ ಪುರಿ ಏನು, ಕಲ್ಲೂ ಕರಗುತ್ತಿತ್ತು. ನನಗೂ ಒಳಗೊಳಗೆ ಅಳು ಬಂದಿತ್ತು. ಒಂದೇ ಪ್ರತಿ ಇದ್ದಾಗ ಎರಡು ವರ್ಷ ಕ್ಷೇಮವಾಗಿದ್ದ ಅಪ್ಪನನ್ನು, ಎರಡು ಮಾಡಲು ಹೋಗಿ ಸೊನ್ನೆ ಮಾಡುವ ಬುದ್ಧಿ ನನ್ನದು.

ಹೋದ ವಾರ ಈದ್‌ಗೆ ನಾವು ಅಕ್ತರ್ ಮನೆಗೆ ಹೋಗಿದ್ದೆವು. ಆಯುಧಪೂಜೆಗೆ ಅವನು ನಮ್ಮ ಮನೆಗೆ ಬರುವುದು ವಾಡಿಕೆ. ಅವ್ವ ಒಳಗೆ ಹೋದದ್ದಕ್ಕೂ ಅವನು ಮೆಟ್ಟಿಲು ಹತ್ತಿದ್ದಕ್ಕೂ ಸರಿಹೋಯಿತು. ಸುಪ್ರೀತಾ ಅವನನ್ನು ಕೂರಲೂ ಬಿಡದೆ ಬಾಗಿಲಲ್ಲೇ ಎಲ್ಲವನ್ನೂ ಹೇಳಿದಳು.

ಅಕ್ತರ್: ಸಾರ್, ಗುರುತು ಹಾಕಿ ಅಂತ ನಾನು ಹೇಳಿದ್ನಾ ಇಲ್ವಾ?

ನಾನು: ಹೇಳಿದೆ. ಹಾಕಿದೆ.

ಅಕ್ತರ್: ಪೆನ್ನಲ್ಲಿ ಅಂದಿದ್ದೆ.

ನಾನು: ಪೆನ್ನು ಆ ತಗಡಿನ ಮೇಲೆ ಮೂಡಲಿಲ್ಲ.

ಅಕ್ತರ್: ಮೂಡದೇ ಇದ್ರೆ ಚೀಟಿ ಅಂಟಿಸಿ ಅಂದಿದ್ದೆ.

ನಾನು: ಗೋಂದು ಇರಲಿಲ್ಲ. ಕುಂಕುಮ ಇತ್ತು.

ಅಕ್ತರ್: ಹತ್ತು ವರ್ಷ ಆಯ್ತು ಸಾರ್ ಅಂಗಡಿ ಇಟ್ಟು. ವೈರಸ್ ಬಂದು ಹೋಗಿರೋದು ನೋಡಿದೀನಿ, ಕಾಫಿ ಚೆಲ್ಲಿ ಹೋಗಿರೋದು ನೋಡಿದೀನಿ, ಇಲಿ ಕಡಿದಿದ್ದೂ ನೋಡಿದೀನಿ. ಪೂಜೆ ಮಾಡಿ ಹೋಗಿರೋದು ಇದೇ ಫಸ್ಟು.

ಸುಪ್ರೀತಾ: ಇನ್ನೂ ಹೋಗಿಲ್ಲ ಅಕ್ತರ್ ಭಾಯ್. ಹೋಗ್ತಾ ಇದೆ. ನಿಲ್ಲಿಸಿ ಅಂದ್ರೆ ಇವರು ಕೇಳ್ತಿಲ್ಲ.

ಅಕ್ತರ್: ನಿಲ್ಲಿಸ್ಬೇಕು ಸಾರ್, ಈಗಲೇ. ಉಳಿದಷ್ಟಾದ್ರೂ ಉಳಿಯುತ್ತೆ.

ನಾನು: ಆ ಉಳಿದದ್ದರಲ್ಲಿ ನಮ್ಮಪ್ಪ ಇರದೇ ಹೋದ್ರೆ?

ಅಕ್ತರ್: ಯಾವಾಗ ಶುರು ಮಾಡಿದ್ರಿ?

ನಾನು: ಹತ್ತೂವರೆಗೆ. ರಾಹುಕಾಲ ಕಳೀಲಿ ಅಂತ ಕಾದು ಗುಂಡಿ ಒತ್ತಿದೆ.

ಅಕ್ತರ್: ಈಗ ಹನ್ನೆರಡೂವರೆ. ಎರಡು ಗಂಟೇಲಿ ನೀವು ರಾಹುಗಿಂತ ಜಾಸ್ತಿ ಕೆಲಸ ಮಾಡಿದೀರಿ.

ಅವನು ಫ್ರಿಜ್ಜಿನ ಕಡೆ ಹೆಜ್ಜೆ ಹಾಕಿದ. ನಾನು ಎರಡೂ ಕೈ ಚಾಚಿ ಸರ್ವರಿಗೆ ಅಡ್ಡ ನಿಂತೆ. ಆ ಡಬ್ಬದ ಸುತ್ತ ಅವ್ವ ಕಟ್ಟಿದ್ದ ಚೆಂಡು ಹೂವಿನ ಮಾಲೆ ಎಷ್ಟು ದಪ್ಪವಾಗಿತ್ತೆಂದರೆ, ಮದುವಣಗಿತ್ತಿಯನ್ನು ಕಾಯುತ್ತಿರುವ ಸೋದರಮಾವನ ಹಾಗೆ ನಾನು ಕಾಣುತ್ತಿದ್ದಿರಬೇಕು.

ಅಕ್ತರ್: ಮುಟ್ಟಿ ನೋಡ್ತೀನಿ ಸಾರ್, ಅಷ್ಟೇ.

ನನ್ನ ಕಂಕುಳ ಕೆಳಗಿನಿಂದ ಕೈ ತೂರಿಸಿ ಅವನು ಡಬ್ಬ ಮುಟ್ಟಿದ.

ಅಕ್ತರ್: ಠಂಡಾ ಇದೆ.

ನಾನು: ಅಂದ್ರೆ ಫ್ಯಾನ್ ಚೆನ್ನಾಗಿ ತಿರುಗ್ತಾ ಇದೆ. ಗಾಳಿ ಓಡಾಡಲಿ ಅಂತ ನಕ್ಷೇಲೇ ಆರು ಇಂಚು ಜಾಗ ಬಿಟ್ಟಿದ್ದೆ.

ಅಕ್ತರ್: ಎರಡು ಗಂಟೆ ಓಡಿದ ಮಷೀನು ಇಷ್ಟು ಠಂಡಾ ಇರಲ್ಲ ಸಾರ್.

ನಾನು: ಮತ್ತೆ ಗುಂಯ್ ಅಂತಿರೋದು ಏನು?

ಸುಪ್ರೀತಾ ಗೋಡೆಯ ಹತ್ತಿರ ಹೋಗಿ ಫ್ರಿಜ್ಜಿನ ಸ್ವಿಚ್ ಆರಿಸಿದಳು. ಗುಂಯ್ ಎನ್ನುವುದು ನಿಂತಿತು. ಮನೆಯ ಮೇಲೆ ವಿಮಾನವೊಂದು ಇಳಿಯುತ್ತ ಹಾದುಹೋಯಿತು. ಅದೂ ಹೋದ ಮೇಲೆ ನನ್ನ ಡಬ್ಬದಿಂದ ಒಂದು ಸದ್ದೂ ಇಲ್ಲ. ನಾನು ಬೆಳಗ್ಗೆಯಿಂದ ಆ ಫ್ರಿಜ್ಜಿನ ಶಬ್ದಕ್ಕೆ ತಲೆದೂಗುತ್ತಿದ್ದೆ.

ಅವ್ವ (ಒಳಗಿನಿಂದ): ಫ್ರಿಜ್ಜಿಗೂ ರಜಾ ಕೊಟ್ರೇನು? ಹಾಲು ಕೆಡತಾವ, ಹಚ್ಚರಿ.

ಸುಪ್ರೀತಾ: ಅತ್ತೇ, ಇವರ ಡಬ್ಬಕ್ಕೆ ಏನಾದ್ರೂ ಮಾಡಿದ್ರಾ?

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು.

ಅವ್ವ: ನಾನೇನ ಮಾಡ್ಲಿ? ಮುಂಜಾನೆ ಪೂಜಿ ಮಾಡುಮುಂದ ಹಿಂದಿನ ವಯರ್ ಕಿತ್ತಿಟ್ಟೀನಿ. ಮಾಲಿ ಹಿಂದ ಐತಿ ನೋಡು. ಇವತ್ತ ಆಯುಧ ದುಡಿಸಬಾರದು. ಎತ್ತಿಗೂ ಒಂದಿನ ನೊಗ ಇಳಸ್ತಾರ.

ಅಕ್ತರ್ ಹೂವಿನ ಮಾಲೆ ಸರಿಸಿದ. ಹಿಂದೆ ವಯರು ಅಂದವಾಗಿ ಸುತ್ತಿ, ದಾರದಲ್ಲಿ ಕಟ್ಟಿಟ್ಟಿತ್ತು. ನಾನು ಗುಂಡಿ ಒತ್ತಿದ್ದು ಒಂದು ತಗಡಿನ ಪೆಟ್ಟಿಗೆಗೆ.

ನಾನು ಅಲ್ಲೇ ನೆಲದ ಮೇಲೆ ಕೂತೆ. ಇನ್ನು ಮುಚ್ಚಿಡುವುದು ಏನೂ ಇರಲಿಲ್ಲ. ಕುಂಕುಮ, ಮೇಲಿನದು, ಕೆಳಗಿನದು ಎಲ್ಲವನ್ನೂ ಅವ್ವನಿಗೆ ಹೇಳಿದೆ.

ಅವ್ವ: ಅಂದ್ರ ನಾ ವಯರ್ ಕೀಳದಿದ್ರ, ಅವರು ಹೋಗೇ ಬಿಡ್ತಿದ್ರೇನು?

ನಾನು: ಹೌದವ್ವಾ. ತಪ್ಪಾತು.

ಅವ್ವ: ಒಮ್ಮೆ ಕಳಕೊಂಡೀನಿ. ಸಾಕು.

ಅಕ್ತರ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಡಬ್ಬದ ಮುಚ್ಚಳ ಬಿಚ್ಚತೊಡಗಿದ. ಒಳಗೆ ಎರಡು ಡಿಸ್ಕು. ಎರಡಕ್ಕೂ ಕುಂಕುಮ.

ಅಕ್ತರ್: ಎರಡನ್ನೂ ಅಂಗಡಿಗೆ ತಗೊಂಡು ಹೋಗಿ ನೋಡ್ತೀನಿ ಅಮ್ಮಾ. ಇಲ್ಲಿ ನೋಡಿದ್ರೆ ಯಾವುದು ತುಂಬಿದ್ದು ಅಂತ ಗೊತ್ತಾಗಲ್ಲ.

ಅವ್ವ: ಯಾಕ ಗೊತ್ತಾಗೂದಿಲ್ಲ? ಕೆಳಗಿಂದರಾಗ ಇದಾರ ಅವರು.

ಅಕ್ತರ್: ನಿಮಗೆ ಹೇಗೆ ಗೊತ್ತು?

ಅವ್ವ: ಒಂದಕ್ಕ ಮೊದಲಽ ಕುಂಕುಮ ಇತ್ತು. ಯಾರೋ ಪೂಜಿ ಮಾಡ್ಯಾರ ಅಂತ ಅದಕ್ಕ ಬರೇ ವಿಭೂತಿ ಎಳದೆ. ಇನ್ನೊಂದು ಬೋಳು ಇತ್ತು, ಅದಕ್ಕ ಕುಂಕುಮ ಹಚ್ಚಿದೆ. ನೋಡ್ಕೊ.

ಕೆಳಗಿನದರ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ನನ್ನ ಬೆರಳಿನ ಕುಂಕುಮ. ಮೇಲಿನದರ ಮೇಲೆ ಅವ್ವನ ಕುಂಕುಮ ಮಾತ್ರ. ನಾನು ಖಾಲಿಯನ್ನು ಮೇಲೆ ಕೂರಿಸಿದ್ದೆ, ಅಪ್ಪನನ್ನು ಕೆಳಗೆ. ರಾಹುಕಾಲ ಕಳೆದ ಮೇಲೆಯೇ.

ಅಕ್ತರ್ ಡಿಸ್ಕುಗಳನ್ನು ಅದಲು ಬದಲು ಮಾಡಿ ಕೂರಿಸಿದ. ತನ್ನ ಜೇಬಿನಲ್ಲಿದ್ದ ಅಂಟುಪಟ್ಟಿ ಹರಿದು, ಒಂದರ ಮೇಲೆ ‘ತುಂಬಿದೆ’, ಇನ್ನೊಂದರ ಮೇಲೆ ‘ಖಾಲಿ’ ಎಂದು ಬರೆದು ಅಂಟಿಸಿದ. ನಾನು ಎದ್ದು ವಯರಿನ ಕಡೆ ಕೈ ಚಾಚಿದೆ.

ಅವ್ವ: ಕೈ ತಗಿ. ನಾಳೆ ವಿಜಯದಶಮಿ, ಅಕ್ತರ ಬಂದು ಹಚ್ಚಲಿ. ನೀ ದೂರ ನಿಂದ್ರು.

ನಾನು: ಅವ್ವಾ, ಸರ್ವರ್ ನಂದು.

ಅವ್ವ: ಸರ್ವರ್ ನಿಂದಾದ್ರ, ಅದರಾಗಿನ ಗಂಡ ನನ್ನವ. ಇಲ್ಲಿ ಬಾ. ಮುಂಜಾನೆ ಸ್ಕ್ರೂ ತಿರುವಕೋತ ಕುಂತಿದ್ದಿ. ಮನ್ಯಾಗ ಪೂಜಿ ಆಗದಽ ಉಳದಾಂವ ನೀನೊಬ್ಬನಽ.

ಕುಂಕುಮದ ಬಟ್ಟಲು ತಂದು ನನ್ನ ಹಣೆಗೆ ದೊಡ್ಡದೊಂದು ಬೊಟ್ಟು ಇಟ್ಟಳು. ಅಕ್ತರ್ ಸುಪ್ರೀತಾ ಕೊಟ್ಟ ಹೋಳಿಗೆಯ ತಟ್ಟೆ ಹಿಡಿದು, ಕೈಯಲ್ಲಿ ಉಳಿದಿದ್ದ ಅಂಟುಪಟ್ಟಿಯನ್ನೂ ನನ್ನ ಹಣೆಯನ್ನೂ ಒಂದಾದ ಮೇಲೊಂದರಂತೆ ನೋಡಿದ.

ಸುಪ್ರೀತಾ: ಒಂದು ಚೀಟಿ ಇಲ್ಲೂ ಅಂಟಿಸಿಬಿಡಿ ಅಕ್ತರ್ ಭಾಯ್. ಕುಂಕುಮ ನೋಡಿ ತುಂಬಿದೆ ಅಂತ ನಂಬಿ ನಾನು ಮದುವೇಲಿ ಒಂದ್ಸಲ ಮೋಸಹೋಗಿದೀನಿ.