ತಾವರೆ ಅರಳದ ಲ್ಯಾಪ್‌ಟಾಪು

ನಮ್ಮ ಮಾವನ ಎಡಗಾಲಿನ ಚಪ್ಪಲಿ ಹೊಸಪೇಟೆಯದು, ಬಲಗಾಲಿನದು ಕಂಪ್ಲಿಯದು. ಇದು ಮರೆವಿನಿಂದ ಆದದ್ದಲ್ಲ, ಸಿದ್ಧಾಂತದಿಂದ ಆದದ್ದು! ಎಡಗಾಲಿನ ಚಪ್ಪಲಿ ಹರಿದರೆ ಬಲಗಾಲಿನದು ಮಾಡಿದ ತಪ್ಪಾದರೂ ಏನು ಎಂದು ಮಾವ ಕೇಳುತ್ತಾನೆ. ಉತ್ತರ ನಿಮಗೆ ಗೊತ್ತಿದ್ದರೆ ಹೇಳಿ. ಅವನ ಪ್ರಕಾರ ಈ ಜಗತ್ತಿನಲ್ಲಿ ಯಾವ ವಸ್ತುವಾದರೂ ಯಾವ ವಸ್ತುವಿಗಾದರೂ ಹೊಂದುತ್ತದೆ. ಹೊಂದಲಿಲ್ಲವೆಂದರೆ ನಾವು ಸರಿಯಾಗಿ ಒತ್ತಿಲ್ಲ ಎಂದರ್ಥ.

ಅವನ ಮನೆಯ ಮಿಕ್ಸಿ ಜಾರಿಗೆ ಬಿಸ್ಕತ್ ಡಬ್ಬಿಯ ಮುಚ್ಚಳ. ಚಟ್ನಿ ರುಬ್ಬಿದ ದಿನ ಅಡುಗೆಮನೆಯ ಗೋಡೆಗೂ ಒಂದು ಪಾಲು. ನಮ್ಮತ್ತೆ ಗೋಡೆ ಒರೆಸುತ್ತಾ ಬಂದವರಿಗೆಲ್ಲ ಹೇಳುತ್ತಾಳೆ, “ಮದುವಿ ದಿನ ನನ್ನೂ ಹಿಂಗs ಒತ್ತಿ ಕುಂದ್ರಿಸ್ಯಾರ್ರಿ ಈ ಮನಿಯಾಗ.”

ಮಾವನದು ಹೊಸಪೇಟೆಯಲ್ಲಿ ಸಣ್ಣದೊಂದು ಸ್ಟುಡಿಯೋ. ಕ್ಯಾಸೆಟ್ ಕ್ಯಾಮರಾದ ಕಾಲದಲ್ಲಿ ಸುತ್ತಲಿನ ಮದುವೆಗಳ ವಿಡಿಯೋ ಎಲ್ಲ ಅವನದೇ. ಮದುವೆ ತೆಗೆಯುವುದು ಯಾರಿಗೆ ಬರುವುದಿಲ್ಲ? ಮಾವನ ಕೀರ್ತಿ ಇದ್ದದ್ದು ಎಡಿಟಿಂಗಿನಲ್ಲಿ. ಸಂಡೂರಿನ ಲಾರಿ ಮಾಲೀಕರೊಬ್ಬರ ಮಗಳ ಮದುವೆಯಲ್ಲಿ ವಧೂವರರ ಸುತ್ತ ಟಿಪ್ಪರುಗಳಿಂದಲೇ ಪ್ರದಕ್ಷಿಣೆ ಹಾಕಿಸಿದ್ದ. ಕಂಪ್ಲಿಯ ರೈಸ್ ಮಿಲ್ಲಿನವರ ಮದುವೆಯಲ್ಲಿ ಎಂತಹ ಅಕ್ಷತೆಯ ಮಳೆ ಸುರಿಸಿದನೆಂದರೆ ತಾಳಿ ಕಟ್ಟಿದ್ದು ಯಾರು ಯಾರಿಗೆ ಎಂಬುದು ಇವತ್ತಿಗೂ ಕಾಣಿಸುವುದಿಲ್ಲ! ಎಲ್ಲಕ್ಕಿಂತ ದೊಡ್ಡದು ತಾವರೆ. ತೆರೆಯ ತುಂಬ ಒಂದು ಗುಲಾಬಿ ತಾವರೆ ಮೊಗ್ಗು ಬರುತ್ತದೆ, ಎಸಳು ಎಸಳಾಗಿ ಅರಳುತ್ತದೆ, ನಡುವೆ ಮದುಮಗಳ ಅಪ್ಪ ಅವ್ವ ಕೈಮುಗಿದು ನಿಂತಿರುತ್ತಾರೆ. ಹಿನ್ನೆಲೆಗೆ ಸಿನಿಮಾ ಹಾಡು. ಮಂಟಪದ ಗದ್ದಲವೆಲ್ಲ ಬಂದ್.

ಬುಕ್ಕಸಾಗರದ ಅಜ್ಜಿ ಸ್ಟುಡಿಯೋಕ್ಕೆ ಬಂದದ್ದು ಹೋಳಿ ಹುಣ್ಣಿಮೆಯ ಮರುದಿನ. ದಿನಚರಿ ಬರೆಯುವ ಚಟ ನನಗಿದೆ, ಅದಕ್ಕೇ ದಿನ ನೆನಪಿದೆ. ತೋರಣಗಲ್ಲಿನಲ್ಲಿ ಗುತ್ತಿಗೆದಾರರೊಬ್ಬರ ಆಫೀಸಿನಲ್ಲಿ ಕೂಲಿಯವರ ಹಾಜರಿ ಹಾಕುವವಳು ನಾನು. ರಜೆಯ ದಿನ ಮಾವನ ಹಾಜರಿ ಹಾಕುತ್ತೇನೆ, ಅಷ್ಟೆ.

ಅಜ್ಜಿ ಚೀಲದಿಂದ ಒಂದು ಡಿವಿಡಿ ತೆಗೆದಳು. ಮೊಮ್ಮಕ್ಕಳು ಅದನ್ನು ಗಾಲಿ ಮಾಡಿ ಉರುಳಿಸಿದ್ದರು.

“ತಮ್ಮಾ, ನಮ್ಮ ಯಜಮಾನ್ರು ತೀರಿಕೊಂಡ್ರು. ನಮ್ಮ ಹುಡುಗಿ ಮದುವಿ ಕ್ಯಾಸೆಟ್ಟಿನ್ಯಾಗ ಒಂದs ನೋಡು, ಅವ್ರು ಓಡಾಡೋದು ಐತಿ. ಇನ್ನೊಂದು ಮಾಡಿಕೊಡು.”

“ಆತ್ರೀ ಯವ್ವಾ. ಒರಿಜಿನಲ್ ಕ್ಯಾಸೆಟ್ ಇಟ್ಟೀನಿ. ನಾ ಏನೂ ಒಗಿಯಂಗಿಲ್ಲ.”

“ಜಲ್ದಿ ಮಾಡಪಾ. ಒಂದು ಕಣ್ಣು ಹೋಗೈತಿ, ಇನ್ನೊಂದೂ ಹೊಂಟೈತಿ ಅಂದಾರ ಡಾಕ್ಟ್ರು. ಕಾಣೋದ್ರೊಳಗ ಒಮ್ಮೆ ನೋಡಬೇಕು ನಾ.”

ಮಾವ ಕ್ಯಾಸೆಟ್ ಹುಡುಕಿದ. ಧೂಳು ಒರೆಸಿದ. ಹಳೇ ಲ್ಯಾಪ್‌ಟಾಪಿಗೆ ಕ್ಯಾಮರಾದ ವೈರು ಚುಚ್ಚಿ ಎಲ್ಲವನ್ನೂ ಅದರೊಳಗೆ ಇಳಿಸಿದ. ಅಲ್ಲಿಯವರೆಗೆ ಸುಸೂತ್ರ. ಆಮೇಲೆ ತಾವರೆ ಹಾಕಿದ ನೋಡಿ, ಅರ್ಧ ಅರಳಿ ನಿಂತುಬಿಟ್ಟಿತು! ಒಂದು ಎಸಳು ಸರಿಯಾಗಿ ಅಜ್ಜನ ಮೂಗಿನ ಮೇಲೆ. ಮತ್ತೆ ಶುರು ಮಾಡಿದರೆ ಮತ್ತೆ ಅದೇ ಮೂಗು.

ರಿಪೇರಿ ಅಂಗಡಿಯವರು ರ‍್ಯಾಮ್ ಸಾಲದು ಎಂದರು. ರ‍್ಯಾಮ್ ಎಂದರೆ ಮೈಮೇಲೆ ಕರಿ ಚಿಪ್ಪುಗಳಿರುವ ಬೆರಳುದ್ದದ ಹಸಿರು ಪಟ್ಟಿ. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಅದಕ್ಕೆ ಎರಡು ಗೂಡು. ಒಂದರಲ್ಲಿ ಹಳೆಯದು ಇತ್ತು, ಇನ್ನೊಂದು ಖಾಲಿ. ಖಾಲಿ ಗೂಡು ಕಂಡ ಮಾವ ಸುಮ್ಮನಿರುತ್ತಾನೆಯೇ?

ಮೊದಲ ಪಟ್ಟಿ ಬಂದದ್ದು ಕಂಪ್ಲಿಯಿಂದ. ರೈಸ್ ಮಿಲ್ಲಿನವರು ತಮ್ಮ ಸತ್ತುಹೋದ ಟೇಬಲ್ ಕಂಪ್ಯೂಟರಿನಿಂದ ಕಿತ್ತುಕೊಟ್ಟದ್ದು. ಅದು ಗೂಡಿನ ಎರಡರಷ್ಟು ಉದ್ದವಿತ್ತು.

“ಉದ್ದ ಇದ್ರ ಚಲೋನs ಅಲ್ಲೇನವ್ವಾ?” ಎಂದು ಮಾವ ಗರಗಸದ ಬ್ಲೇಡು ಹುಡುಕಿದ. ಅತ್ತೆ ಅದನ್ನು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಳು.

ಎರಡನೆಯದು ಹೊಸಪೇಟೆಯ ಹಳೇ ಸಾಮಾನಿನ ಅಂಗಡಿಯದು. ಉದ್ದ ಸರಿ, ಆದರೆ ಅಂಚಿನಲ್ಲಿರುವ ಕಚ್ಚು ಒಂದು ಕೂದಲೆಳೆ ಅತ್ತ. ಅದು ಬೇರೆ ತಲೆಮಾರಿನ ಪಟ್ಟಿ, ಆ ಕಚ್ಚು ಇರುವುದೇ ತಪ್ಪಿ ಕೂರಿಸದಿರಲಿ ಎಂದು. ನಾನು ವಿವರಿಸುವುದರೊಳಗೆ ಮಾವ ಎರಡು ಹೆಬ್ಬೆರಳಿಟ್ಟು ಒತ್ತಿದ. ಏನೋ ಕಿರ್ ಎಂದಿತು.

“ಕೇಳಿದೇನು? ಕುಂತಿತು!”

“ಅದು ಕುಂತದ್ದಲ್ಲ ಮಾವಾ, ಅತ್ತದ್ದು.”

ಮೂರನೆಯದು ಹೊಸದು. ಉದ್ದ ಸರಿ, ಕಚ್ಚು ಸರಿ, ಒತ್ತುವ ಮೊದಲೇ ಟಕ್ಕೆಂದು ಕೂತಿತು. ಮಾವ ಊದುಬತ್ತಿ ಬೆಳಗಿದ. ಬಟನ್ ಒತ್ತಿದರೆ ತೆರೆ ಕಪ್ಪಗೆ, ಒಳಗಿನಿಂದ ಪೀಂ ಪೀಂ ಕೂಗು.

ಇಂಥ ಹೊತ್ತಿನಲ್ಲಿ ದಿನಚರಿಯವರು ಉಪಯೋಗಕ್ಕೆ ಬರುತ್ತಾರೆ. ಒಂದೊಂದಾಗಿ ಹಾಕಿ ತೆಗೆದು ಬರೆದುಕೊಂಡೆ. ಹಳೆಯದು ಮೊದಲ ಗೂಡಿನಲ್ಲಿ: ನಡೆಯುತ್ತದೆ. ಹಳೆಯದು ಎರಡನೆಯದರಲ್ಲಿ: ನಡೆಯುತ್ತದೆ. ಹೊಸದು ಎಲ್ಲಿಟ್ಟರೂ ಕೂಗು. ಅಂದರೆ ಗೂಡುಗಳು ನಿರಪರಾಧಿಗಳು. ರಿಪೇರಿ ಅಂಗಡಿಯವರಿಗೆ ಫೋನ್ ಮಾಡಿದೆ. ಇಷ್ಟು ಹಳೇ ಲ್ಯಾಪ್‌ಟಾಪಿಗೆ ಎಂಟು ದೊಡ್ಡ ಚಿಪ್ಪಿನ ಪಟ್ಟಿ ಅರ್ಥವೇ ಆಗುವುದಿಲ್ಲ, ಹಿಡಿಯುವುದು ಅಷ್ಟೇ ಆದರೂ ಹದಿನಾರು ಸಣ್ಣ ಚಿಪ್ಪಿನ ಹಳೇ ಪಟ್ಟಿಯೇ ಬೇಕು, ಅದು ಈಗ ಸಿಗುವುದು ಕಷ್ಟ ಎಂದರು.

“ಎರಡರಾಗೂ ಹಿಡಿಯೋದು ಅಷ್ಟs ಅಂತಿ, ಮತ್ತ ಹದಿನಾರs ಬೇಕು ಅಂತಿ! ಇದಕ್ಕೇನು ಬೀಗರ ಹಂಗ ತಲಿ ಎಣಿಸಿ ಮರ್ಯಾದಿ ಮಾಡಬೇಕೇನು?” ಎಂದ ಮಾವ.

ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟು, ಬುಕ್ಕಸಾಗರದಲ್ಲಿ ಭತ್ತದ ನಾಟಿ ಮುಗಿದಿತ್ತು. ಅಜ್ಜಿ ಮತ್ತೊಮ್ಮೆ ಬಂದಳು. ಈ ಸಲ ಮೊಮ್ಮಗಳ ಭುಜ ಹಿಡಿದು.

“ಆತೇನಪಾ ತಮ್ಮಾ?”

“ತಾವರಿ ಒಂದು ಅರಳಬೇಕ್ರಿ ಯವ್ವಾ.”

ಅಜ್ಜಿಗೆ ಏನು ಅರ್ಥವಾಯಿತೋ, ತಲೆಯಾಡಿಸಿ ಹೋದಳು. ನಾನು ಅವತ್ತೇ ಹೇಳಿದೆ, “ಮಾವಾ, ನನ್ನ ಹೊಸಾ ಲ್ಯಾಪ್‌ಟಾಪಿನ್ಯಾಗ ಮಾಡಿಬಿಡೋಣ. ಇಲ್ಲಾಂದ್ರ ತಾವರಿ ಬಿಟ್ಟುಬಿಡು.”

ಮಾವ ನನ್ನನ್ನು ನೋಡಿದ ನೋಟ ನೀವು ನೋಡಬೇಕಿತ್ತು. ತಾಳಿ ಬಿಟ್ಟು ಮದುವೆ ಮಾಡು ಎಂದಿದ್ದರೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

“ನನ್ನ ತಾವರಿ ಇರೋದು ಈ ಮಷೀನ್ಯಾಗ. ಹೊಸಾದ್ರಾಗ ಅದು ಬರಂಗಿಲ್ಲ. ಆಕಿ ಗಂಡನ್ನ ಕೊನೀ ಸಲ ನೋಡಾಕತ್ಯಾಳವ್ವಾ. ಬೋಳು ಕ್ಯಾಸೆಟ್ ಕೊಟ್ರ ಹೆಂಗ?”

ವಾದ ಮಾಡುವುದು ಹೇಗೆ? ಅವನ ಮೊಂಡುತನದೊಳಗೆ ಮರ್ಯಾದೆಯೇ ಕೂತಿತ್ತು.

ಕೊನೆಗೆ ಹದಿನಾರು ಚಿಪ್ಪಿನ ಪಟ್ಟಿ ಸಿಕ್ಕಿದ್ದು ಸಂಡೂರಿನಲ್ಲಿ, ಮುಚ್ಚಿಹೋದ ಒಂದು ಗಣಿ ಆಫೀಸಿನ ಗುಜರಿಯಲ್ಲಿ. ಅದಿರಿನ ಧೂಳು ಮೆತ್ತಿ ಪಟ್ಟಿ ಕೆಂಪಗಾಗಿತ್ತು. ನಾನು ಅದರ ಹಿತ್ತಾಳೆ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿದೆ. ಮಾವ ಗೂಡಿಗೆ ಊದಿದ. ಇಟ್ಟೆವು. ಪೀಂ ಎನ್ನಲಿಲ್ಲ! ತಾವರೆ ಅಜ್ಜನ ಮೂಗು ದಾಟಿತು, ಕಿವಿ ದಾಟಿತು, ಪೂರ್ತಿ ಅರಳಿತು. ಮಾವ ನನ್ನ ತಲೆ ಮೇಲೆ ಕೈಯಿಟ್ಟು, “ನೋಡಿದೇನು, ಎಲ್ಲಾ ಹೊಂದತೈತಿ” ಎಂದ. ಬೀದಿಯವರಿಗೆಲ್ಲ ಪೇಡೆ ಹಂಚಿದ.

ದಸರಾ ಮುಗಿದ ಭಾನುವಾರ ಬುಕ್ಕಸಾಗರಕ್ಕೆ ಹೋದೆವು. ಜಂಭಕ್ಕೆ ಮಾವ ಹಳೇ ಕ್ಯಾಮರಾ, ಕ್ಯಾಸೆಟ್ ಎಲ್ಲ ಹೆಗಲಿಗೆ ಹಾಕಿಕೊಂಡಿದ್ದ. ಅಜ್ಜಿ ಪಡಸಾಲೆಯಲ್ಲಿ ಕೂತಿದ್ದಳು. ಮೊಮ್ಮಗಳು ಹೊಸ ಡಿವಿಡಿ ಹಾಕಿ ಟಿವಿ ಹಚ್ಚಿದಳು. ತಾವರೆ ಬಂತು. ಎಸಳು ಎಸಳಾಗಿ ಅರಳಿತು. ಮಾವ ತೆರೆ ನೋಡಲಿಲ್ಲ, ಅಜ್ಜಿಯ ಮುಖ ನೋಡುತ್ತಿದ್ದ.

ಅಜ್ಜಿಯ ಮುಖ ಟಿವಿಯ ಕಡೆ ಇರಲಿಲ್ಲ. ಗೋಡೆಯ ಕಡೆ ಇತ್ತು.

“ಹಾಡು ಬರಾಕತ್ತೈತಲ್ಲ ತಮ್ಮಾ,” ಎಂದಳು. “ನಮ್ಮವ್ರು ಬಂದ್ರೇನು?”

ಮೊಮ್ಮಗಳು ನನ್ನ ಕಿವಿಯಲ್ಲಿ ಹೇಳಿದಳು, “ಗಣೇಶನ ಹಬ್ಬದ ತನಕ ಒಂಚೂರು ಕಾಣ್ತಿತ್ರೀ ಅಕ್ಕಾ.”

ಅಜ್ಜಿ ಕಿವಿಯನ್ನು ಟಿವಿಯ ಕಡೆ ತಿರುಗಿಸಿದಳು.

“ಅವ್ರು ಮಾತಾಡೋದು ಇಲ್ಲೇನಪಾ ಇದ್ರಾಗ? ಭಾಳ ಮಾತಾಡ್ತಿದ್ರಲ್ಲ ಆವತ್ತು.”

ಮಾತೆಲ್ಲ ಹಾಡಿನಡಿ ಹೂತುಹೋಗಿತ್ತು. ಅದನ್ನು ಹೂತವನೇ ಎದ್ದ. ಟಿವಿ ಬಂದ್ ಮಾಡಿದ. ಕ್ಯಾಮರಾದ ಚಾರ್ಜರ್ ಚುಚ್ಚಿ, ಹಳೇ ಕ್ಯಾಸೆಟ್ ಹಾಕಿ, ಸುತ್ತಿ ಸುತ್ತಿ ಒಂದು ಕಡೆ ನಿಲ್ಲಿಸಿ, ಅಜ್ಜಿಯ ಕಿವಿಯ ಹತ್ತಿರ ಹಿಡಿದ. ತಾವರೆ ಇಲ್ಲ, ಅಕ್ಷತೆಯ ಮಳೆ ಇಲ್ಲ. ಪಾತ್ರೆಗಳ ಸದ್ದು, ಮಕ್ಕಳ ಅಳು, ಯಾರೋ ಸಾರು ಸಾರು ಎನ್ನುವುದು. ನಂತರ ಹತ್ತಿರದಲ್ಲೇ ಒಂದು ಗಂಡು ಧ್ವನಿ:

“ಏ ವಿಡಿಯೋ ತಮ್ಮಾ, ನನ್ನೇನು ಹಿಡೀತಿ, ಮೊದ್ಲು ಉಣ್ಣ ಬಾರಪಾ! ಏ ಇವಳs, ಎಲ್ಲಿದ್ದಿ? ಈ ಹುಡುಗಗ ಒಂದು ಎಲಿ ಹಾಕು ಬಾ.”

“ಬಂದ್ನಿ ತಡೀರಿ,” ಎಂದು ಅಜ್ಜಿ ನೆಲಕ್ಕೆ ಕೈಯೂರಿ ಅರ್ಧ ಎದ್ದೇಬಿಟ್ಟಳು.

ಆಮೇಲೆ ಅವಳಿಗೇ ಗೊತ್ತಾಗಿ, ಮೆಲ್ಲಗೆ ಕೂತಳು. ಸೆರಗು ಬಾಯಿಗಿಟ್ಟು ನಕ್ಕಳೋ ಅತ್ತಳೋ, ನಾನು ಬರೆದುಕೊಂಡಿಲ್ಲ.

“ಇನ್ನೊಮ್ಮೆ ಹಚ್ಚು ತಮ್ಮಾ.”

ಮಾವ ಹಚ್ಚಿದ. ಮತ್ತೆ ಹಚ್ಚಿದ. ಬಸ್ಸಿನ ಹೊತ್ತಾದಾಗ ಹಿತ್ತಲಿಗೆ ಹೋಗಿ ಒಂದು ಹುಣಸೆ ಬೀಜ ತಂದ, ಕಲ್ಲಿನಲ್ಲಿ ಎರಡು ಹೋಳು ಮಾಡಿದ, ಮೊಮ್ಮಗಳ ಹತ್ತಿರ ಗೋಂದು ಕೇಳಿ ಒಂದು ಹೋಳನ್ನು ಕ್ಯಾಮರಾದ ಬಟನ್ನಿನ ಮೇಲೆ ಅಂಟಿಸಿದ. ಅಜ್ಜಿಯ ಬೆರಳನ್ನು ಅದರ ಮೇಲಿಟ್ಟು, “ಇದನ್ನ ಒತ್ತಿದ್ರ ಮಾತಾಡ್ತಾರ್ರೀ ಯವ್ವಾ. ಹಿಂದಕ ಸುತ್ತೋದು ಹುಡುಗಿಗೆ ಹೇಳೀನಿ” ಎಂದ. ಒಂದು ಹಳೇ ಸಾಮಾನನ್ನೂ ಎಸೆಯದ, ಯಾರಿಗೂ ಕೊಡದ ನಮ್ಮ ಮಾವ ಕ್ಯಾಮರಾ ಅಲ್ಲೇ ಬಿಟ್ಟು, ಎರಡು ಊರಿನ ಚಪ್ಪಲಿ ಮೆಟ್ಟಿ ಹೊರಟ.

ಬಸ್ಸಿಗೆ ಕಾಯುವಾಗ ಗದ್ದೆಯ ಕಡೆ ಮುಖ ಮಾಡಿ ನಿಂತಿದ್ದ.

“ಹೋಳಿ ಹುಣ್ಣಿಮಿಗೇ ಕ್ಯಾಮರಾ ಹೊತ್ಕೊಂಡು ಬಂದಿದ್ರ ನೋಡಿರ್ತಿದ್ಲು,” ಎಂದ. “ತಾವರಿ ಯಾರು ಕೇಳಿದ್ರವ್ವಾ?”

ಬಸ್ಸು ಬಂತು. ಕಿಟಕಿಯ ಪಕ್ಕ ಕೂತ ಮಾವನ ಹೆಬ್ಬೆರಳಿಗೆ ಗೋಂದು ಇನ್ನೂ ಅಂಟಿಕೊಂಡಿತ್ತು. ಹೊಸಪೇಟೆ ಬರುವವರೆಗೂ ಅವನು ಅದನ್ನು ಉಜ್ಜಿಕೊಳ್ಳಲಿಲ್ಲ.